ಮರಿಸ್ವಾಮಿ ಮೇಷ್ಟ್ರ ಮಿಶ್ರಚಾಪು

ನಮ್ಮ ಮನೆಯಲ್ಲಿ ಬೆಳಗಿನ ಇಡ್ಲಿಗೆ ರವೆ ನೆನೆಹಾಕಿದ ದಿನ ನಾನು ಅಡಿಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತೇನೆ. ನೆನೆದ ರವೆಗೆ ಒಂದು ವಾಸನೆ ಇದೆ. ಹಿಟ್ಟಿನ ಗಿರಣಿಯ ನೆಲ ತೊಳೆದಾಗ ಬರುತ್ತದಲ್ಲ, ಅಂಥ ತಣ್ಣನೆಯ, ಸಪ್ಪೆ ವಾಸನೆ. ಇವರಿಗೆ ಹಸಿವಾಗಿದೆ ಎಂದು ತಿಳಿದು ನನ್ನ ಹೆಂಡತಿ ಇನ್ನೂ ಅರ್ಧ ಗಂಟೆ ಆಗುತ್ತದೆ ಎನ್ನುತ್ತಾಳೆ. ಇವತ್ತು ಬೆಳಿಗ್ಗೆಯೂ ಹಾಗೇ ಅಂದಳು. ನಾನು ತಿದ್ದಲು ಹೋಗಲಿಲ್ಲ. ಹಸಿವು ಅಂದುಕೊಂಡರೆ ಬೇಗ ತಿಂಡಿ ಸಿಗುತ್ತದೆ. ಸಂಗೀತ ಅಂದರೆ ತಡವಾಗುತ್ತದೆ.

ಮೃದಂಗವನ್ನು ಹತ್ತಿರದಿಂದ ನೋಡಿದ್ದರೆ ಈ ರವೆಯ ಗುಟ್ಟು ನಿಮಗೆ ಗೊತ್ತಿರುತ್ತದೆ. ಅದರ ಬಲಗಡೆಗೆ ಕಪ್ಪು ಮಸಿಯ ದೊಡ್ಡ ಬೊಟ್ಟು ಇರುತ್ತದೆ, ಎಡಗಡೆ ಬರೀ ಚರ್ಮ. ನುಡಿಸಲು ಕೂರುವ ಮೊದಲು ಆ ಎಡಗಡೆಗೆ ನೆನೆಸಿದ ರವೆಯನ್ನು ಕಲಸಿ ಬಿಲ್ಲೆಯಂತೆ ಮೆತ್ತುತ್ತಾರೆ. ಆಗಲೇ ಅದಕ್ಕೆ ಗುಂ ಎನ್ನುವ ತೂಕ ಬರುವುದು. ಮರಿಸ್ವಾಮಿ ಮೇಷ್ಟ್ರು ಇದನ್ನು ತಮ್ಮ ಊಟದ ಡಬ್ಬಿಯ ಮುಚ್ಚಳದಲ್ಲಿ ಕಲಸುತ್ತಿದ್ದರು. ಮಗುವಿಗೆ ಅನ್ನ ಕಲಸುವವರಂತೆ, ಗಂಟು ಉಳಿಯದ ಹಾಗೆ, ಒಂದೇ ಬೆರಳಲ್ಲಿ, ಲೋಕವನ್ನೇ ಮರೆತು. ನಾನು ಅವರನ್ನು ಮೊದಲು ಕಂಡದ್ದೇ ಆ ಮುಚ್ಚಳದ ಮೇಲೆ ಬಾಗಿದ್ದಾಗ. ಅವರಿಗೆ ನಮಸ್ಕಾರ ಹೇಳಿದೆ. ಅವರು ತಲೆ ಎತ್ತಲಿಲ್ಲ. ದೊಡ್ಡ ಮನುಷ್ಯರು, ಜಂಬ ಇರಬೇಕು ಅಂದುಕೊಂಡೆ.

ಅವರ ವಿಷಯ ಹೇಳುವ ಮೊದಲು ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಥೆ ಹೇಳುವವನು ಯಾರು ಎಂದು ನೀವು ಕೊನೆಯವರೆಗೂ ಯೋಚಿಸುತ್ತಿರುತ್ತೀರಿ. ನಾನು ಕೆ.ಆರ್. ಪೇಟೆಯ ಕಡೆ ಪಶು ಆಸ್ಪತ್ರೆಯೊಂದರಲ್ಲಿ ಇನ್ಸ್‌ಪೆಕ್ಟರು. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ನಿಜವಾದ ಡಾಕ್ಟರು ನನ್ನ ಮೇಲೆ ಬೇರೆ ಇದ್ದಾರೆ, ಆದರೆ ಹಸುಗಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಯಾರದೋ ಕೊಟ್ಟಿಗೆಯಲ್ಲಿ ಭುಜದವರೆಗೆ ತೋಳು ಹಸುವಿನೊಳಗೆ. ಸಂಜೆಗೆ ಅದೇ ಕೈಯಲ್ಲಿ ವೀಣೆ. ಈ ಮಾತು ಕೇಳಿ ಮುಖ ಸಿಂಡರಿಸಿದವರನ್ನು ಬಹಳ ಕಂಡಿದ್ದೇನೆ. ವೀಣೆ ನುಡಿಸುವವರು ಬಲಗೈಗೆ ಉಗುರು ಬಿಡುತ್ತಾರೆ. ನನ್ನ ಕೆಲಸದಲ್ಲಿ ಉಗುರು ಬಿಟ್ಟರೆ ಹಸು ಒದೆಯುತ್ತದೆ. ಹಾಗಾಗಿ ನಾನು ತಂತಿಯಲ್ಲಿ ಮಾಡಿದ ನಖಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ನುಡಿಸುವವನು.

ಮೈಸೂರಿನಲ್ಲಿ ಓದುವಾಗ ನನ್ನ ರೂಮಿನ ಎದುರು ಮನೆಯ ಅಜ್ಜಿಯೊಬ್ಬರು ವೀಣೆ ಪಾಠ ಹೇಳುತ್ತಿದ್ದರು. ಕೇಳಿ ಕೇಳಿ ತಡೆಯಲಾರದೆ ಒಂದು ದಿನ ಹೋಗಿ ಕೂತೆ. ಕಬ್ಬು, ಭತ್ತ, ಎಮ್ಮೆ ಬಿಟ್ಟರೆ ಬೇರೆ ಮಾತಿಲ್ಲದ ನಮ್ಮ ಮನೆಗೆ ಮುಂದೆ ಒಂದು ವೀಣೆಯನ್ನು ತಂದಾಗ ನಮ್ಮಪ್ಪ ಅದರ ಸುತ್ತ ಒಂದು ಸುತ್ತು ಬಂದು, ಜಾತ್ರೆಯಲ್ಲಿ ಎತ್ತು ನೋಡುವಂತೆ ಮುಂದೆ ಹಿಂದೆ ನೋಡಿ, ಇದು ಏನು ತಿಂತದೆ ಎಂದು ಕೇಳಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಆದರೆ ವರ್ಷಗಟ್ಟಲೆ ನಾನು ನುಡಿಸಿದ್ದೆಲ್ಲ ಒಬ್ಬನೇ, ಗೋಡೆಗೆ ಎದುರಾಗಿ. ಒಬ್ಬನೇ ನುಡಿಸುವುದರಲ್ಲಿ ಒಂದು ಅನುಕೂಲ ಉಂಟು. ಯಾವ ಜಾಗದಲ್ಲಿ ಬೆರಳು ತಡವರಿಸುತ್ತದೋ ಅಲ್ಲಿ ತಾಳವೂ ಮರ್ಯಾದೆಯಿಂದ ನಿಂತು ಕಾಯುತ್ತದೆ.

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಚೇಂಬರ್ ಮ್ಯೂಸಿಕ್ ಶಿಬಿರ ನಡೆಯುತ್ತದೆ, ನಮ್ಮಂಥ ಹವ್ಯಾಸಿಗಳಿಗೂ ಜಾಗ ಇದೆ ಎಂದು ಗೆಳೆಯನೊಬ್ಬ ಫೋನಿಗೆ ಸುದ್ದಿ ಕಳಿಸಿದಾಗ, ಆಸ್ಪತ್ರೆಯಲ್ಲಿ ಅದನ್ನು ಜೋರಾಗಿ ಓದಿದೆ. ನಮ್ಮ ಅಟೆಂಡರ್ ರಾಜು ಹಾಲು ಪರೀಕ್ಷೆಯ ಬಾಟಲಿ ತೊಳೆಯುವುದನ್ನು ನಿಲ್ಲಿಸಿ, "ಚೇಂಬರ್ ಅಂದ್ರೆ ಮೋರೀದಲ್ವಾ ಸಾ? ಅದ್ರೊಳಕ್ಕೆ ಇಳ್ದು ನುಡಿಸ್ಬೇಕಾ?" ಎಂದು ಕೇಳಿದ. ನಮ್ಮೂರಿನ ಬೀದಿ ಬೀದಿಯನ್ನೂ ಅಗೆದು ಒಳಚರಂಡಿ ಹಾಕಿದ ಮೇಲೆ ಚೇಂಬರ್ ಎಂದರೆ ಅದೊಂದೇ ಅರ್ಥ. ಅವನಿಗೆ ಬಿಡಿಸಿ ಹೇಳಿದೆ: ದೊಡ್ಡ ವೇದಿಕೆ, ಮೈಕು ಏನೂ ಇಲ್ಲದೆ, ಒಂದು ಕೋಣೆಯಲ್ಲಿ ಮೂರು ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವುದು. ಅಷ್ಟೇನಾ ಎಂದು ಅವನು ಮತ್ತೆ ಬಾಟಲಿಗೆ ಕೈಹಾಕಿದ. ಅಷ್ಟೇ ಅನ್ನುವುದು ಎಷ್ಟು ಕಷ್ಟ ಎಂದು ಆಗ ನನಗೂ ಗೊತ್ತಿರಲಿಲ್ಲ.

ರಜೆ ಹಾಕಿ, ವೀಣೆಯನ್ನು ಹಳೇ ರಗ್ಗಿನಲ್ಲಿ ಸುತ್ತಿ, ಮೈಸೂರು ಬಸ್ಸು ಹತ್ತಿದೆ. ಚಿನಕುರಳಿ ದಾಟುವವರೆಗೂ ಅದನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು, ಹತ್ತಿ ಇಳಿಯುವವರೆಲ್ಲರ ಕ್ಷಮೆ ಕೇಳುತ್ತಾ ಹೋದೆ. ಒಬ್ಬ ಅಜ್ಜಿ ರಗ್ಗನ್ನು ಮುಟ್ಟಿ, ಕಾಯಿಲೆಯವರಾ ಎಂದು ಮೆಲ್ಲಗೆ ವಿಚಾರಿಸಿದರು.

ಗಂಜಾಂನಲ್ಲಿ ನಿಮಿಷಾಂಬ ಗುಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಛತ್ರ. ಕಲ್ಲುಕಂಬದ ಹಜಾರ, ಹಿಂದೆ ನಾಲ್ಕು ಕೋಣೆ, ಹಿತ್ತಲಿನಿಂದ ಇಳಿದರೆ ಕಾವೇರಿ. ಅಲ್ಲಿ ನಮಗೆ ಹೇಳಿಕೊಡಲು ಬಂದವರು ಇಬ್ಬರು. ಪಿಟೀಲಿನ ವಸುಮತಿಯವರು, ಮೃದಂಗದ ಅನಂತರಾಯರು. ಇಬ್ಬರೂ ಸಂಗೀತವನ್ನೇ ಉಂಡು ಉಟ್ಟವರು. ವರ್ಷದ ಅರ್ಧ ರೈಲಿನಲ್ಲಿ, ಇನ್ನರ್ಧ ವೇದಿಕೆಯಲ್ಲಿ. ನಾನು ವಿದ್ವಾಂಸರನ್ನು ಮುಂದಿನ ಸಾಲಿನ ಕುರ್ಚಿಗಿಂತ ಹತ್ತಿರದಿಂದ ಕಂಡವನಲ್ಲ. ಅವರು ಕಾಫಿ ಕುಡಿಯುವುದನ್ನೂ ಬೆರಗಿನಿಂದ ನೋಡಿದೆ. ವಸುಮತಿಯವರ ಎಡ ಕತ್ತಿನ ಕೆಳಗೆ ಪಿಟೀಲು ಒತ್ತಿ ಒತ್ತಿ ಆದ ಕಂದು ಕಲೆ ಇತ್ತು. ಅನಂತರಾಯರ ಬೆರಳ ತುದಿಗಳು ನಮ್ಮೂರಿನ ಕಮ್ಮಾರನ ಬೆರಳುಗಳಂತೆ ಗಟ್ಟಿ. ಆಕೆ ನಗುನಗುತ್ತಾ ತಪ್ಪು ಹೇಳುವವರು, ಆತ ನಗದೆ ಸರಿ ಹೇಳುವವರು. ಮೊದಲ ದಿನ ಎಲ್ಲರನ್ನೂ ಕೂರಿಸಿ ವಸುಮತಿಯವರು ಹೇಳಿದ್ದು ಇಷ್ಟೆ: ಇಲ್ಲಿ ಪಕ್ಕವಾದ್ಯ ಎಂಬುದು ಇಲ್ಲ, ಎಲ್ಲರೂ ಎಲ್ಲರ ಪಕ್ಕದಲ್ಲಿ ಇರುವವರೇ.

ನಮ್ಮ ಗುಂಪು ಮೂವರದು. ವೀಣೆಗೆ ನಾನು. ಪಿಟೀಲಿಗೆ ಪಾಂಡವಪುರದ ಶೋಭಾ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮೃದಂಗಕ್ಕೆ ನಾಗಮಂಗಲದ ಮರಿಸ್ವಾಮಿ ಮೇಷ್ಟ್ರು. ಮೇಷ್ಟ್ರು ಎಂದರೆ ಡ್ರಿಲ್ ಮೇಷ್ಟ್ರು, ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೆನ್ನು ಇನ್ನೂ ಅಟೆನ್ಶನ್‌ನಲ್ಲೇ ಇತ್ತು. ಯುವಕರಾಗಿದ್ದಾಗಿನಿಂದ ತಮ್ಮೂರ ಗುಡಿಯ ಶನಿವಾರದ ಭಜನೆಗೆ ನುಡಿಸಿದವರು. ನಮಗಾಗಿ ವಸುಮತಿಯವರೇ ಹಿಂದೋಳ ರಾಗದಲ್ಲಿ ಒಂದು ಪುಟ್ಟ ರಚನೆ ಕಟ್ಟಿದ್ದರು. ತಾಳ ಮಿಶ್ರಚಾಪು. ಏಳು ಎಣಿಕೆಯದು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಒಂದು ಕಾಲು ಗಿಡ್ಡವಿರುವವನು ನಡೆದ ಹಾಗೆ. ಚೆನ್ನಾಗಿ ನಡೆದರೆ ಅಂಥ ಚೆಲುವಾದ ನಡಿಗೆ ಇನ್ನೊಂದಿಲ್ಲ. ಕೆಟ್ಟರೆ ಮಾತ್ರ ನೋಡುವ ಹಾಗಿರುವುದಿಲ್ಲ.

ನಮ್ಮದು ಕೆಟ್ಟಿತು. ಮೇಷ್ಟ್ರು ಓಡಿದರು. ಶುರುವಿನಲ್ಲಿ ಸರಿಯಾಗಿಯೇ ಇರುತ್ತಿತ್ತು. ನಾಲ್ಕು ಆವರ್ತ, ಅಂದರೆ ಏಳರ ನಾಲ್ಕು ಸುತ್ತು, ಕಳೆಯುವಷ್ಟರಲ್ಲಿ ಮೃದಂಗ ಒಂದು ಹೆಜ್ಜೆ ಮುಂದೆ, ಎಂಟಾಗುವಷ್ಟರಲ್ಲಿ ಹಗ್ಗ ಬಿಚ್ಚಿಕೊಂಡ ಕರುವಿನಂತೆ ಬೀದಿಯ ತುದಿಯಲ್ಲಿ. ಹಿಂದೆ ನಾನು, ನನ್ನ ಹಿಂದೆ ಶೋಭಾ. ಕರುಗಳನ್ನು ಅಟ್ಟಿಸಿಕೊಂಡು ಹೋಗಿ ನನಗೆ ಅಭ್ಯಾಸ ಇದೆ, ಆದರೆ ವೀಣೆ ಹಿಡಿದುಕೊಂಡು ಅಲ್ಲ. ವಸುಮತಿಯವರು ನಿಲ್ಲಿಸಿ, ಸಮಾಧಾನವಾಗಿ ಮತ್ತೆ ಎಂದರು. ಮತ್ತೆ ಓಡಿದರು. ಮೇಷ್ಟ್ರ ಕೈ ಒಳ್ಳೆಯ ಕೈ, ಸದ್ದು ಶುದ್ಧ. ಅದನ್ನು ಅನಂತರಾಯರೂ ಒಪ್ಪಿದರು. ಆದರೆ ಆ ಕೈ ಯಾರಿಗೂ ಕಾಯುತ್ತಿರಲಿಲ್ಲ. ಏನು ಹೇಳಿದರೂ ಮೇಷ್ಟ್ರು ಆಗಲಿ ಸ್ವಾಮಿ ಎಂದು ತಲೆಯಾಡಿಸುವರು, ಮತ್ತೆ ಹಾಗೇ.

ಎರಡನೆಯ ದಿನ ಸಂಜೆ ಇಬ್ಬರು ವಿದ್ವಾಂಸರೂ ಕಂಬದ ಬಳಿ ನಿಂತು ನಮ್ಮ ವಿಷಯ ಮಾತಾಡಿದ್ದು ನನಗೂ ಶೋಭಾಳಿಗೂ ಕೇಳಿಸಿತು. ಅವರು ಅದನ್ನೇನೂ ಮುಚ್ಚಿಡಲಿಲ್ಲ. ಕೊನೆಯ ದಿನದ ಕಛೇರಿಗೆ ಈ ಗುಂಪಿಗೆ ನಾನೇ ಮೃದಂಗ ನುಡಿಸುತ್ತೇನೆ, ಮೇಷ್ಟ್ರು ಪಕ್ಕದಲ್ಲಿ ಕೂತು ಕೈಯಲ್ಲಿ ತಾಳ ಹಾಕಲಿ ಎಂದು ಅನಂತರಾಯರು. ಹಾಗೆ ಮಾಡಿದರೆ ಕಛೇರಿ ಚೆನ್ನಾಗಿರುತ್ತದೆ, ಶಿಬಿರ ಸುಳ್ಳಾಗುತ್ತದೆ ಎಂದು ವಸುಮತಿಯವರು. ಹಾಗಾದರೆ ಅನಂತರಾಯರು, ನಾಳೆ ಒಂದು ಸಲ ಪೂರಾ ನಾನೇ ಕೂತು ನೋಡುತ್ತೇನೆ ಎಂದರು. ನನಗೆ ಒಳಗೊಳಗೇ ಅನಂತರಾಯರ ಮಾತೇ ಹಿತವಾಗಿತ್ತು. ಅಂಥ ವಿದ್ವಾಂಸರ ಪಕ್ಕದಲ್ಲಿ ಕೂತು ನುಡಿಸಿದೆ ಎಂದು ರಾಜುವಿನ ಮುಂದೆ ಹೇಳಿಕೊಳ್ಳಬಹುದಲ್ಲ.

ಹಿತ್ತಲ ಮೆಟ್ಟಿಲ ಮೇಲೆ ಮೇಷ್ಟ್ರು ಒಬ್ಬರೇ ನೀರಿಗೆ ಕಾಲು ಬಿಟ್ಟು ಕೂತಿದ್ದರು. ನಾನೂ ಹೋಗಿ ಅವರ ಬಲಗಡೆ ಕೂತೆ. ಅವರು ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ. ತಮ್ಮ ಎಮ್ಮೆಯ ಕೆಚ್ಚಲಿನ ವಿಷಯ ಕೇಳಿದರು, ಹೇಳಿದೆ. ಆಮೇಲೆ ನದಿಯನ್ನೇ ನೋಡುತ್ತಾ ಹೇಳಿದರು:

"ನಾನು ಓಡ್ತೀನಿ ಅಂತ ನಂಗೊತ್ತು ಡಾಕ್ಟ್ರೇ. ನಮ್ಮೂರ ಭಜ್ನೇಲೂ ಅದ್ಕೇ ಕರೆಯೋದು ಬುಟ್ರು. ಮನೇಲಿ ನಮ್ಮ ಲಕ್ಷ್ಮಮ್ಮನೂ ಅದ್ನೇ ಅಂತಾಳೆ, ಸಾಕು ಮೂಲೆಗಿಡಿ ಅಂತಾಳೆ. ಇಲ್ಲೂ ಆಗ್ನಿಲ್ಲ ಅಂದ್ರೆ ಬುಟ್ಬುಡ್ತೀನಿ. ಅದ್ನ ನೋಡ್ಕಂಡು ಓಗಣಾ ಅಂತ್ಲೇ ಬಂದೆ."

ನಾನು ಎಮ್ಮೆಯ ವಿಷಯಕ್ಕೇ ಹಿಂದಿರುಗಿದೆ.

ಮರುದಿನ ಬೆಳಿಗ್ಗೆ ಅನಂತರಾಯರು ಬಂದು ಮೇಷ್ಟ್ರ ಬೆನ್ನ ಹಿಂದೆ, ನನಗೂ ಶೋಭಾಳಿಗೂ ಎದುರಾಗಿ ಕೂತರು. ಶುರುಮಾಡಿದೆವು. ಮೇಷ್ಟ್ರು ಯಾವಾಗಲೂ ಮೃದಂಗದ ಮೇಲೆ ಬಾಗಿ, ಕಣ್ಣು ಮುಚ್ಚಿ ನುಡಿಸುವವರು. ಎರಡು ಆವರ್ತ ಆದ ಮೇಲೆ ಅನಂತರಾಯರು ನನ್ನತ್ತ ಅಂಗೈ ತೋರಿಸಿದರು: ನಿಲ್ಲಿಸು. ನಾನು ತಂತಿಯಿಂದ ಕೈ ಎತ್ತಿದೆ. ಶೋಭಾಳಿಗೂ ತೋರಿಸಿದರು. ಅವಳು ಕಮಾನನ್ನು ಎತ್ತಿ ಹಿಡಿದು ಹಾಗೇ ಕೂತಳು.

ಮೃದಂಗ ನಡೆಯಿತು. ಒಂದು ಆವರ್ತ, ಇನ್ನೊಂದು, ಮತ್ತೊಂದು. ಇಡೀ ಹಜಾರದಲ್ಲಿ ಬೇರೆ ಸದ್ದಿಲ್ಲ. ಮೇಷ್ಟ್ರ ಮುಖದಲ್ಲಿ ನಾವು ಮೂವರೂ ನುಡಿಸುತ್ತಿರುವ ಸಂತೋಷವೇ ಇತ್ತು. ಅದನ್ನು ನೋಡಲಾರದೆ ಶೋಭಾ ಮುಖ ಬೇರೆ ಕಡೆ ತಿರುಗಿಸಿದಳು.

ಅನಂತರಾಯರು ಎದ್ದು ಬಂದು, ಮೇಷ್ಟ್ರ ಭುಜ ಮುಟ್ಟಿ, ಅವರ ಎದುರಿಗೆ ಮಂಡಿಯೂರಿದರು. ಮೇಷ್ಟ್ರು ಕಣ್ಣು ಬಿಟ್ಟು ನನ್ನ ಕೈ ನೋಡಿದರು, ಶೋಭಾಳ ಕೈ ನೋಡಿದರು. ಎಲ್ಲ ತಿಳಿಯಿತು.

"ಮೇಷ್ಟ್ರೇ, ವೀಣೆ ಕೇಳ್ತಿದೆಯಾ ನಿಮಗೆ?"

"ಎಡಗಿವಿ ಓಗಿ ಬಾಳ ವರ್ಸ ಆಯ್ತು ಸ್ವಾಮಿ. ಬಲಗಿವೀಲಿ ಎದುರಿಗೆ ನಿಂತು ಆಡಿದ ಮಾತು ಕೇಳ್ತದೆ, ಬಸ್ಸು ಕೇಳ್ತದೆ. ಪಿಟೀಲು ಒಂದೊಂದ್ ಸಲ. ವೀಣೆ ಕೇಳಾಕಿಲ್ಲ."

ಕಿವಿಗೆ ಹಾಕುವ ಯಂತ್ರವನ್ನು ಮಗಳು ಕೊಡಿಸಿದ್ದಳಂತೆ. ಮೃದಂಗಕ್ಕೆ ಕೈ ಹಾಕಿದರೆ ಅದು ಕೀ ಎಂದು ಕೂಗಿಕೊಳ್ಳುತ್ತಿತ್ತಂತೆ. ನುಡಿಸುವಾಗ ತೆಗೆದಿಟ್ಟುಬಿಡುತ್ತಿದ್ದರು. ಮೊದಲ ದಿನ ನನ್ನ ನಮಸ್ಕಾರಕ್ಕೆ ತಲೆ ಎತ್ತದ ಜಂಬದ ಅರ್ಥ ನನಗೆ ಆಗ ಆಯಿತು. ಈಗ ಅನಂತರಾಯರು ಮೃದುವಾಗಿ ಏನಾದರೂ ಹೇಳಿ, ಮೃದಂಗವನ್ನು ಅವರ ತೊಡೆಯಿಂದ ಇಳಿಸುತ್ತಾರೆ ಎಂದು ಕಾದೆ. ಅವರು ಹಾಗೇನೂ ಮಾಡಲಿಲ್ಲ. ಒಂದು ಲೆಕ್ಕ ಬಿಡಿಸಿದವರಂತೆ ಕೂತಲ್ಲೇ ತಲೆಯಾಡಿಸಿದರು.

"ಹಾಗಾದರೆ ನೀವು ಓಡ್ತಿಲ್ಲ. ಒಬ್ಬರೇ ನಡೀತಿದೀರಿ, ಅಷ್ಟೆ."

ಆಮೇಲೆ ಅವರು ತಮ್ಮ ವಿಷಯ ಹೇಳಿದರು. ದೊಡ್ಡ ವೇದಿಕೆಗಳಲ್ಲಿ ಧ್ವನಿವರ್ಧಕದ ಅಬ್ಬರದ ನಡುವೆ ಹಾಡುವವರ ದನಿಯೇ ಮೃದಂಗದವರಿಗೆ ಕೇಳಿಸದ ಕಛೇರಿಗಳು ಎಷ್ಟೋ ಆಗಿವೆಯಂತೆ. ಹಾಡುವವರ ತುಟಿ, ಪಿಟೀಲಿನ ಕಮಾನು, ಕೆಳಗಿನ ಹಲಗೆಯ ನಡುಕ, ಸಿಕ್ಕಿದ್ದನ್ನು ಹಿಡಿದುಕೊಂಡು ನುಡಿಸಿ, ಕೈಚಪ್ಪಾಳೆ ತೆಗೆದುಕೊಂಡು ಬಂದಿದ್ದೇವೆ ಎಂದರು. ವಸುಮತಿಯವರು ನಕ್ಕು, ತಮ್ಮದೂ ಅದೇ ಪಾಡು ಎಂದರು. ಕಿವಿ ಒಂದು ದಾರಿ, ಒಂದೇ ದಾರಿಯಲ್ಲ ಎಂದು ಹೇಳಿ ಅನಂತರಾಯರು ಎದ್ದು ಛತ್ರದ ಉಗ್ರಾಣಕ್ಕೆ ಹೋದರು.

ಬರುವಾಗ ಅವರೂ ಅಡಿಗೆಯವರೂ ಸೇರಿ ಹಳೆಯ ಬಾಗಿಲಿನ ಒಂದು ಪೂರಾ ಹಲಗೆಯನ್ನು ಹೊತ್ತು ತಂದರು. ಹಲಸಿನ ಮರದ್ದು. ಕಲ್ಲು ನೆಲಕ್ಕೆ ತಾಗದ ಹಾಗೆ ಎರಡು ಕಡೆ ಇಟ್ಟಿಗೆ ಕೊಟ್ಟು ಅದನ್ನು ಮಲಗಿಸಿದರು. ವೀಣೆಯ ಕೊಡ ಒಂದು ತುದಿಗೆ, ಅದರ ಹಿಂದೆ ನಾನು, ಇನ್ನೊಂದು ತುದಿಗೆ ಮೇಷ್ಟ್ರು. ಮೊದಲು ಮೇಷ್ಟ್ರ ಜಾಗದಲ್ಲಿ ತಾವೇ ಕೂತು, ಕಿವಿಗೆ ಎರಡು ಬೆರಳು ತುರುಕಿಕೊಂಡು, ನನಗೆ ನುಡಿಸಲು ಹೇಳಿದರು. ಎದ್ದು ಇಟ್ಟಿಗೆ ಸರಿಸಿದರು. ಮತ್ತೆ ಕೂತರು. ಆಮೇಲೆ ಮೇಷ್ಟ್ರನ್ನು ಕರೆದು ಕೂರಿಸಿ, ಅವರ ಬರಿಗಾಲ ಕೀಲು ಹಲಗೆಗೆ ಒತ್ತುವಂತೆ ಸರಿಮಾಡಿ, ಕಿವಿ ಬಿಟ್ಟುಬಿಡಿ, ಕಾಲಲ್ಲಿ ಕೇಳಿ ಎಂದರು.

ಅವರು ಅದನ್ನು ಹೇಳಿದ ಕ್ಷಣ ನನಗೆ ನನ್ನ ಕೆಲಸ ನೆನಪಾಯಿತು. ಹಸುವಿನ ಎಡ ಪಕ್ಕೆಗೆ ಮುಷ್ಟಿ ಒತ್ತಿ ಹಿಡಿದು ನಿಂತರೆ ಅದರ ಹೊಟ್ಟೆ ಮೆಲ್ಲಗೆ ಎದ್ದು ಬೀಳುವುದು ಕೈಗೆ ಬರುತ್ತದೆ. ಆ ನಡಿಗೆ ಸರಿಯಿದೆಯೋ ಇಲ್ಲವೋ ನೋಡಿಯೇ ನಾವು ಔಷಧಿ ಹೇಳುವುದು. ಇಷ್ಟು ವರ್ಷ ಕೈಯಲ್ಲಿ ಕೇಳಿಕೊಂಡೇ ಅನ್ನ ತಿಂದವನು ನಾನು. ಸಂಗೀತಕ್ಕೂ ಅದು ಆದೀತು ಎಂದು ಹೊಳೆದಿರಲಿಲ್ಲ.

ಹಲಗೆ ಹಾಕಿದ ಕೂಡಲೇ ಎಲ್ಲ ಸರಿಹೋಯಿತು ಎಂದು ನಾನು ಹೇಳಿದರೆ ನೀವು ನಂಬಬಾರದು. ಆ ಬೆಳಿಗ್ಗೆಯೆಲ್ಲ ಒದ್ದಾಡಿದೆವು. ಮೇಲಿನ ಸ್ವರಗಳು ಹಲಗೆಯವರೆಗೆ ಇಳಿಯುತ್ತಲೇ ಇರಲಿಲ್ಲ. ವಸುಮತಿಯವರು ತಮ್ಮ ರಚನೆಯನ್ನು ಕೂತಲ್ಲೇ ಮುರಿದು, ವೀಣೆಯ ಭಾಗವನ್ನು ಪೂರಾ ಕೆಳಗಿನ ತಂತಿಗಳಿಗೆ ಇಳಿಸಿ ಮತ್ತೆ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು. ವೀಣೆಯ ಪಕ್ಕಕ್ಕೆ ತಾಳದ ತಂತಿಗಳು ಅಂತ ಮೂರಿವೆ, ಕಿರುಬೆರಳಿನಿಂದ ಮೀಟುವುದು. ನನ್ನ ಮೈಸೂರಿನ ಅಜ್ಜಿ ಅದಕ್ಕಾಗಿ ನನ್ನನ್ನು ಬಹಳ ಗದರಿದ್ದರು. ಒಬ್ಬನೇ ನುಡಿಸುವಾಗ ಯಾರು ಕೇಳುತ್ತಾರೆ ಎಂದು ನಾನು ಅದನ್ನು ನೆನಪಾದಾಗ ಮೀಟುತ್ತಿದ್ದೆ, ಇಲ್ಲದಿದ್ದರೆ ಇಲ್ಲ.

"ನಿಮ್ಮ ಕಿರುಬೆರಳು ರಜೆ ಮೇಲಿದೆ," ಎಂದರು ವಸುಮತಿಯವರು. "ಮೇಷ್ಟ್ರು ನಡೆಯೋದು ಇನ್ನು ಅದರ ಮೇಲೆ. ಪ್ರತಿ ಮೂರಕ್ಕೆ, ಪ್ರತಿ ನಾಲ್ಕಕ್ಕೆ. ಬಿಡೋ ಹಾಗಿಲ್ಲ."

ಆ ಕಡೆ ಅನಂತರಾಯರು ಮೇಷ್ಟ್ರ ಕೈಯಿಂದ ಹೊಡೆತಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಎಲ್ಲಾ ಜಾಗವನ್ನೂ ತುಂಬುತ್ತಿದ್ದೀರಿ, ಕೇಳುವುದಕ್ಕೆ ಜಾಗ ಬಿಡಿ ಎನ್ನುತ್ತಿದ್ದರು. ಕೈ ಎತ್ತಿದಾಗ ಮಾತ್ರ ಹಲಗೆ ನಿಮ್ಮ ಜೊತೆ ಮಾತಾಡುತ್ತದೆ ಎಂದರು. ಮೇಷ್ಟ್ರಿಗೆ ಅದೇ ಬಹಳ ಕಷ್ಟವಾಯಿತು. ಖಾಲಿ ಬಿಡಬೇಕಾದ ಜಾಗ ಬಂದರೆ ಬೆರಳು ತಾನಾಗಿ ಇಳಿದುಬಿಡುವುದು. ಒಂದು ಸಲ ಕೈ ನಿಲ್ಲಿಸಿ ಅನಂತರಾಯರ ಮುಖ ನೋಡಿದರು.

"ನಾನು ನಿಲ್ಸಿದ್ರೆ ಏನೂ ಇರಾಕಿಲ್ಲ ಸ್ವಾಮಿ. ಅದ್ಕೇ ನಿಲ್ಸಾಕಿಲ್ಲ."

ಅನಂತರಾಯರು ಅವರ ಪಕ್ಕದಲ್ಲಿ ಅದೇ ಹಲಗೆಯ ಮೇಲೆ ಕೂತು, ಅವರ ಎರಡು ಕೈಯನ್ನೂ ತಮ್ಮ ಕೈಯಲ್ಲಿ ಹಿಡಿದುಕೊಂಡು, ನನಗೆ ಸನ್ನೆ ಮಾಡಿದರು. ನಾನು ಮೀಟಿದೆ. ಮೂರಕ್ಕೆ, ನಾಲ್ಕಕ್ಕೆ. ಮತ್ತೆ ಮೂರಕ್ಕೆ, ನಾಲ್ಕಕ್ಕೆ. ಕೈ ಬಿಡಿಸಿಕೊಳ್ಳಲಾಗದೆ ಮೇಷ್ಟ್ರು ಸುಮ್ಮನೆ ಕೂತರು. ಹಾಗೆ ಎಷ್ಟು ಹೊತ್ತು ಕೂತೆವೋ. ಹೊರಗೆ ಗುಡಿಗೆ ಹೋಗುವ ಆಟೋಗಳು ಹೋದವು, ಬಂದವು. ನನ್ನ ಕಿರುಬೆರಳು ಉರಿಯತೊಡಗಿತ್ತು. ಆಗ ಮೇಷ್ಟ್ರ ಗದ್ದ ಮೆಲ್ಲಗೆ ಅಲುಗಿತು. ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ.

"ಬತ್ತಾ ಅದೆ," ಎಂದರು. ದನಿ ಬಹಳ ಸಣ್ಣದಾಗಿತ್ತು.

ಅನಂತರಾಯರು ಅವರ ಕೈಗಳನ್ನು ಬಿಟ್ಟರು. ಮೇಷ್ಟ್ರು ಒಂದು ಪೂರಾ ಆವರ್ತವನ್ನು ಖಾಲಿ ಬಿಟ್ಟು, ಮುಂದಿನದರ ಮೊದಲ ಎಣಿಕೆಗೆ ಎಡಗೈ ಇಟ್ಟರು. ನನ್ನ ತಂತಿಯೂ ಅವರ ಗುಂಕಾರವೂ ಒಂದೇ ಸಲಕ್ಕೆ ಬಿದ್ದವು. ಇಷ್ಟು ವರ್ಷ ಗೋಡೆಗೆ ನುಡಿಸಿದ ನನಗೆ, ಇನ್ನೊಬ್ಬರ ಕೈ ಬಂದು ನನ್ನ ಸ್ವರದ ಮೇಲೆ ಸರಿಯಾಗಿ ಕೂತದ್ದು ಅದೇ ಮೊದಲು. ಏನನ್ನಿಸಿತು ಎಂದು ಕೇಳಬೇಡಿ. ನೂರಾರು ಹಸುಗಳಿಗೆ ಹೆರಿಗೆ ಮಾಡಿಸಿದ್ದೇನೆ, ಅಂಥದ್ದೇ ಏನೋ.

ಕೊನೆಯ ದಿನದ ಕಛೇರಿ ಸಂಜೆ ಬಿಸಿಲಿರುವಾಗಲೇ ಶುರುವಾಯಿತು. ಗಂಜಾಂನವರು, ಪಟ್ಟಣದ ಅಂಗಡಿಯವರು, ನಮ್ಮ ನಮ್ಮ ಮನೆಯವರು, ಹಜಾರ ತುಂಬಿತ್ತು. ಮೇಷ್ಟ್ರ ಹೆಂಡತಿ ಲಕ್ಷ್ಮಮ್ಮನವರು ನಾಗಮಂಗಲದಿಂದ ಬಂದು ಮುಂದಿನ ಜಮಖಾನದ ಮೇಲೆ ಕೈಕಟ್ಟಿ ಕೂತರು. ಅವರನ್ನು ಕಾರಿನಲ್ಲಿ ಕರೆತಂದವರು ಶಿವಣ್ಣ, ಮೇಷ್ಟ್ರನ್ನು ಕರೆಯುವುದು ಬಿಟ್ಟ ಅದೇ ಭಜನೆಯ ಹಾರ್ಮೋನಿಯಂ ಶಿವಣ್ಣ. ಬಾಗಿಲ ಹಲಗೆಯ ಮೇಲೆ ಕೂತ ನಮ್ಮನ್ನು ನೋಡಿ ಇದೇನಿದು ಎಂಬಂತೆ ಹುಬ್ಬೇರಿಸಿದರು.

ಶುರು ಚೆನ್ನಾಗಿಯೇ ಆಯಿತು. ಹಿಂದೋಳ ಮೆಲ್ಲಗೆ ಎದ್ದಿತು, ಶೋಭಾಳ ಕಮಾನು ಉದ್ದಕ್ಕೆ ಹೋಗಿ ಬಂತು, ಮೃದಂಗ ಜಾಗ ಬಿಟ್ಟು ಬಿಟ್ಟು ನಡೆಯಿತು. ಲಕ್ಷ್ಮಮ್ಮನವರ ಕೈ ಕಟ್ಟಿದ ಹಾಗೇ ಇತ್ತು. ಆಗ ರಸ್ತೆಯಲ್ಲಿ ಒಂದು ಮದುವೆಯ ದಿಬ್ಬಣ ಗುಡಿಯ ಕಡೆ ಬಂತು. ಬ್ಯಾಂಡ್‌ಸೆಟ್ಟು, ತಮಟೆ, ಹಿಂದೆ ಸ್ಪೀಕರ್ ಹೊತ್ತ ಟ್ರಾಕ್ಟರು. ಛತ್ರದ ಮುಂದೆಯೇ ನಿಂತು ಕುಣಿಯತೊಡಗಿದರು.

ನನ್ನ ವೀಣೆ ನನಗೇ ಕೇಳದಾಯಿತು. ಶೋಭಾಳ ಕಮಾನು ಆಡುವುದು ಕಾಣುತ್ತಿತ್ತು, ಸ್ವರ ಇಲ್ಲ. ಅವಳು ಗಾಬರಿಯಿಂದ ನನ್ನತ್ತ ನೋಡಿದಳು. ನಾನು ಅವಳಿಗಿಂತ ಗಾಬರಿಯಾಗಿದ್ದೆ. ಹೊರಗಿನ ತಮಟೆ ನಾಲ್ಕರಲ್ಲಿ ಬಡಿಯುತ್ತಿದೆ, ನಮ್ಮದು ಏಳರ ನಡಿಗೆ. ಕಾಲು ಜಾರಿತು ಎಂದುಕೊಂಡೆ. ಎದುರಿಗೆ ಕೂತ ವಸುಮತಿಯವರು ಏನನ್ನೂ ತೋರಿಸದೆ ಮೇಷ್ಟ್ರ ಕಡೆ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೆ. ನಾನೂ ನೋಡಿದೆ. ಮೇಷ್ಟ್ರು ಅಲ್ಲಾಡಿರಲಿಲ್ಲ. ಬೆನ್ನು ಅಟೆನ್ಶನ್, ಕಾಲ ಕೀಲು ಹಲಗೆಗೆ ಒತ್ತಿದೆ, ಕೈ ತನ್ನ ಪಾಡಿಗೆ ತೂಗಿ ತೂಗಿ ಇಳಿಯುತ್ತಿದೆ. ಆಗ ನನ್ನ ತೊಡೆಗೆ ಬಂತು. ಹಲಗೆಯ ಆ ತುದಿಯಿಂದ ಈ ತುದಿಗೆ, ಗುಂ, ಮೂರಕ್ಕೆ, ಗುಂ, ನಾಲ್ಕಕ್ಕೆ. ನಾನು ಕಿವಿಯನ್ನು ಬಿಟ್ಟುಬಿಟ್ಟೆ. ಅದರ ಮೇಲೆ ಬೆರಳು ಇಟ್ಟೆ. ಶೋಭಾ ಮೇಷ್ಟ್ರ ಎಡಗೈಯ ಮೇಲೆ ಕಣ್ಣು ನೆಟ್ಟು ಕಮಾನು ಎಳೆದಳು. ಯಾರಿಗೂ ಕೇಳದ ಸಂಗೀತವನ್ನು ನಾವು ಮೂವರು ಹಾಗೆ ನುಡಿಸುತ್ತಾ ಹೋದೆವು.

ದಿಬ್ಬಣ ಮುಂದೆ ಸರಿಯಿತು. ತಮಟೆಯ ಸದ್ದು ತಗ್ಗುತ್ತಾ ಬಂದ ಹಾಗೆ ಹಜಾರದಲ್ಲಿ ಕೂತವರಿಗೆ ನಮ್ಮದು ಕೇಳತೊಡಗಿತು. ವೀಣೆ, ಪಿಟೀಲು, ಮೃದಂಗ, ಮೂರೂ ಒಂದೇ ಹೆಜ್ಜೆಯಲ್ಲಿ, ಒಂದು ಕೂದಲೂ ಅತ್ತಿತ್ತ ಆಗದೆ. ಯಾರೋ ಹಿಂದಿನಿಂದ ಆಹಾ ಎಂದರು. ಮೇಷ್ಟ್ರಿಗೆ ಒಂದು ಪುಟ್ಟ ತನಿ ಇತ್ತು, ಒಬ್ಬರೇ ನುಡಿಸುವ ಭಾಗ. ಅದನ್ನು ಅವರು ಹಬ್ಬದಂತೆ ನುಡಿಸಿದರು. ಹೊಡೆತಕ್ಕಿಂತ ಹೆಚ್ಚಾಗಿ ಬಿಟ್ಟ ಜಾಗಗಳೇ ಮಾತಾಡಿದವು. ಕೊನೆಗೆ, ಒಂದೇ ಜತಿಯನ್ನು ಮೂರು ಸಲ ಬಾರಿಸಿ ಮುಗಿಸುವ ತೀರ್ಮಾನಕ್ಕೆ ಕೈ ಹಾಕಿ, ತಪ್ಪಿದರು ಎಂದು ಎಲ್ಲರೂ ಅಂದುಕೊಳ್ಳುವ ಹಾಗೆ ಒಂದು ಹೆಜ್ಜೆ ಎಡವಿ, ಹಾಗೆಯೇ ಮತ್ತೆರಡು ಸಲ ಎಡವಿ, ಸರಿಯಾಗಿ ಮೊದಲ ಎಣಿಕೆಗೆ ಬಂದು ನಿಂತರು. ನಾವೂ ಅಲ್ಲೇ ಇದ್ದೆವು. ಹಜಾರ ಎದ್ದು ನಿಂತಿತು.

ಶೋಭಾ ಅಳುತ್ತಾ ನಗುತ್ತಾ, ಆ ಗಲಾಟೆಯಲ್ಲಿ ಹೇಗೆ ಹಿಡಿದುಕೊಂಡಿರಿ ಮೇಷ್ಟ್ರೇ ಎಂದು ಅವರ ಬಲಗಿವಿಯ ಬಳಿ ಕೂಗಿ ಕೇಳಿದಳು.

"ಆ ಗಲಾಟೆ ನಂಗೆ ದಿನಾ ಇದ್ದದ್ದೇ ಕಣವ್ವ," ಎಂದರು ಮೇಷ್ಟ್ರು.

ಅನಂತರಾಯರು ಬಂದರು. ಭೇಷ್ ಎನ್ನಲಿಲ್ಲ. ಆ ಎಡವುವ ತೀರ್ಮಾನವನ್ನು ಎಲ್ಲಿಂದ ತಂದಿರಿ, ನನಗೆ ಒಮ್ಮೆ ಹೇಳಿಕೊಡಿ ಎಂದು, ಒಬ್ಬ ಕಸುಬುದಾರ ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದರು. ಡ್ರಿಲ್ಲಿನಲ್ಲಿ ಹುಡುಗರು ತಪ್ಪು ಹೆಜ್ಜೆ ಹಾಕಿ, ಪಕ್ಕದವನನ್ನು ನೋಡಿ ಕುಪ್ಪಳಿಸಿ ಸರಿಮಾಡಿಕೊಳ್ಳುತ್ತಿದ್ದರಂತೆ, ಅದು ಅಲ್ಲಿಯದು ಎಂದು ಮೇಷ್ಟ್ರು ನಾಚಿಕೊಂಡು ಹೇಳಿದರು. ಅನಂತರಾಯರು ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಲ್ಲೇ ನಿಂತು ಅಂಗೈಯಲ್ಲಿ ಬಾರಿಸಿ ಕಲಿತುಕೊಂಡರು.

ಲಕ್ಷ್ಮಮ್ಮನವರು ಮಾತ್ರ ಕೂತಲ್ಲೇ ಇದ್ದರು. ಎಲ್ಲರೂ ಚದುರಿದ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಗಂಡನ ಎದುರಿಗೆ ಬಂದು ನಿಂತರು. ಅಷ್ಟು ವರ್ಷ ದಿನವೂ ಆ ಕೈಯನ್ನು ಕೇಳಿದವರು ಅವರು. ಇಲ್ಲಿದ್ದ ವಿದ್ವಾಂಸರಿಬ್ಬರೂ ಹೇಳಿದ್ದು ಒಂದು ತೂಕ, ಅವರು ಹೇಳುವುದು ಒಂದು ತೂಕ. ಮೇಷ್ಟ್ರು ಅವರ ತುಟಿಯನ್ನೇ ನೋಡುತ್ತಿದ್ದರು.

"ಓಡ್ಲಿಲ್ಲ ಬುಡಿ ಇವತ್ತು," ಎಂದರು ಲಕ್ಷ್ಮಮ್ಮ. ಹೇಳಿ, ಮೃದಂಗವನ್ನು ತಾವೇ ಎತ್ತಿ ಬಗಲಿಗೆ ಇಟ್ಟುಕೊಂಡರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಆಗಾಗ ನಾವು ಮೂವರೂ ಸೇರುತ್ತೇವೆ, ಒಮ್ಮೆ ಪಾಂಡವಪುರದಲ್ಲಿ ಶೋಭಾಳ ಮನೆ, ಒಮ್ಮೆ ನಮ್ಮ ಮನೆ. ಹೊಸಹೊಳಲಿನಲ್ಲಿ ನುಡಿಸಿದ್ದೇವೆ, ಮೈಸೂರಿನಲ್ಲೂ ನುಡಿಸಿದ್ದೇವೆ. ನನ್ನ ಕಿರುಬೆರಳು ರಜೆ ಕೇಳುವುದನ್ನು ಬಿಟ್ಟಿದೆ. ಮೊದಲೆಲ್ಲ ನಾನು ತಪ್ಪಿದ ಕಡೆ ನನ್ನ ತಾಳ ನಿಂತು ಕಾಯುತ್ತಿತ್ತಲ್ಲ, ಈಗ ಕಾಯುವುದಿಲ್ಲ. ಅಲ್ಲಿ ಇನ್ನೊಬ್ಬರು ನಡೆಯುತ್ತಿರುತ್ತಾರೆ, ನಾನು ಹೋಗಿ ಸೇರಿಕೊಳ್ಳಬೇಕು. ಒಬ್ಬನೇ ಕೂತು ನುಡಿಸುವಾಗಲೂ ಹಾಗೇ ಅನ್ನಿಸುತ್ತದೆ. ಕೊಟ್ಟಿಗೆಗಳಲ್ಲಿ ಹಸುವಿನ ಪಕ್ಕೆಗೆ ಕೈ ಒತ್ತಿ ನಿಂತಾಗ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ರೈತರು ಇದನ್ನು ಕಾಳಜಿ ಎಂದು ತಿಳಿದಿದ್ದಾರೆ.

ಹೋದ ಶನಿವಾರ ಮೇಷ್ಟ್ರು ನನ್ನನ್ನು ತಮ್ಮೂರಿನ ಭಜನೆಗೆ ಕರೆದಿದ್ದರು. ಶಿವಣ್ಣನೇ ಅವರ ಮನೆ ಬಾಗಿಲಿಗೆ ಹೋಗಿ ಮತ್ತೆ ಬನ್ನಿ ಎಂದು ಕರೆದ ಮೇಲೆ ಅವರು ಒಂದು ಶನಿವಾರವೂ ತಪ್ಪಿಸಿಲ್ಲವಂತೆ. ಗುಡಿಯ ಜಗಲಿಯ ಮೇಲೆ ಒಂದು ಅಗಲವಾದ ಹಲಗೆ ಹಾಸಿದ್ದರು. ಮೇಷ್ಟ್ರು ಅದರ ನಡುವೆ, ಒಂದು ಬದಿಗೆ ಶಿವಣ್ಣನ ಹಾರ್ಮೋನಿಯಂ, ಇನ್ನೊಂದು ಬದಿಗೆ ನನ್ನ ವೀಣೆಗೆ ಜಾಗ. ಹಾಡುವವರು ಸುತ್ತ ಕೂತರು. ಶುರುವಾಗಿ ಸ್ವಲ್ಪ ಹೊತ್ತಿಗೆ ಹಾಡಿನ ಹುರುಪು ಏರಿ, ಶಿವಣ್ಣನ ಬೆರಳು ಮುಂದಕ್ಕೆ ಮುಂದಕ್ಕೆ ಹೋಗತೊಡಗಿತು, ಹಾಡುವವರೂ ಅದರ ಹಿಂದೆಯೇ ಹೊರಟರು.

ಮೇಷ್ಟ್ರು ಬಲಗೈಯನ್ನು ಮೃದಂಗದಿಂದ ಎತ್ತಿ ಮೇಲಕ್ಕೆ ಹಿಡಿದರು. ಎಲ್ಲರೂ ನಿಂತರು.

"ಓಡ್ಬ್ಯಾಡ ಕಣ್ಲಾ ಶಿವಣ್ಣ," ಎಂದರು ಮೇಷ್ಟ್ರು. "ನಾವೆಲ್ಲ ಬತ್ತಾ ಇದೀವಿ, ಕೇಳ್ಕಂಡು ನಡಿ."

ಶಿವಣ್ಣ ಕೇಳಿಸಿಕೊಂಡು, ಮೊದಲಿನಿಂದ ಶುರುಮಾಡಿದರು.